ಸಿಸ್ಟರಪ್ಪ

೬-೬-೧೯೮೩
ಇಂದೂ ನಲವತ್ತು ಜನ. ಅರ್ಧ ಜನಕ್ಕೆ ಕೆಮ್ಮು, ಉಳಿದವರಿಗೆ ನನ್ನನ್ನು ನೋಡುವ ಚಪಲ. ದೇವದುರ್ಗದ ಆಚೆಯ ಈ ಹಾಳೂರಿನ ದವಾಖಾನೆಗೆ ಗಂಡು ನರ್ಸ್ ಬಂದದ್ದೇ ದೊಡ್ಡ ತಮಾಷೆ. ವರ್ಗವಾಗಿ ಹೋದ ಕನಕಮ್ಮನವರ ಜಾಗಕ್ಕೆ ನನ್ನನ್ನು ಹಾಕಿದ್ದಾರೆ. ಅವರಿಗೆ ಸಿಸ್ಟರಮ್ಮ ಅನ್ನುತ್ತಿದ್ದರಂತೆ. ನನಗೆ... ಸಿಸ್ಟರಪ್ಪ! ಶುರು ಮಾಡಿದವಳು ಮಾರೆಮ್ಮ. ಕೂಲಿಯವಳು, ಚೊಚ್ಚಲ ಬಸುರಿ. ಸಾಲಿನಲ್ಲಿ ನಿಂತೇ ಕೂಗಿದಳು: "ಸಿಸ್ಟರಪ್ಪಾ, ನನ್ನ ಚೀಟಿ ಮೊದ್ಲು ನೋಡ್ರಿ." ಎಲ್ಲರೂ ನಕ್ಕರು. ಡಾಕ್ಟರ್ ಕೂಡ ನಕ್ಕ. ರಾಯಚೂರಿನಲ್ಲಿ ಮೂರು ವರ್ಷ ಓದಿದ್ದು ಇದಕ್ಕೆ. ಮೂರ್ಖರು.

೧೯-೬
ಮಾನ್ವಿಗೆ, ಮನೆಗೆ ಹೋಗಿ ಬಂದೆ. ಹೆಣ್ಣು ಕೊಡುವವರು ಬಂದಿದ್ದರು. ಅಪ್ಪ ನರ್ಸ್ ಎಂಬ ಶಬ್ದವನ್ನೇ ಎತ್ತಲಿಲ್ಲ. "ನಮ್ಮ ವಿರೂಪಣ್ಣ ದವಾಖಾನಿ ಆಫೀಸರ್ ಅದಾನ್ರಿ." ರೈಸ್ ಮಿಲ್ಲು ನಡೆಸುವ ಅಪ್ಪನಿಗೆ ಸುಳ್ಳೂ ಹೊಟ್ಟಿನಷ್ಟೇ ಹಗುರ. ಬಂದವರಿಗೆ ಹೇಗೋ ಗೊತ್ತಾಗಿತ್ತು. ಚಹಾ ಕುಡಿದು ಎದ್ದರು. ಶಕ್ತಿನಗರದಲ್ಲಿ ಕರೆಂಟ್ ಕಾರ್ಖಾನೆಯ ಕಾಲೋನಿಯವರಿಗೆ ದವಾಖಾನೆ ಆಗುತ್ತದಂತೆ. ಅರ್ಜಿ ಹಾಕಬೇಕು. ಇಂಜಿನಿಯರುಗಳಿಗಾದರೂ ಮನುಷ್ಯರನ್ನು ಮಾತಾಡಿಸಲು ಬರುತ್ತದೆ.

೧೧-೭
ಮಾರೆಮ್ಮನ ಕಾಲು ಬಾತಿವೆ. ಬಿಪಿ ಜಾಸ್ತಿ. ನೋವು ಶುರುವಾದ ಕೂಡಲೇ ಹೇಳಿ ಕಳಿಸು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದೆ. "ನೀವದೀರಲ್ರೀ ಸಿಸ್ಟರಪ್ಪ, ನನಗೇನು ಅಂಜಿಕಿ?" ಹಲ್ಲು ಕಿಸಿದಳು. ಹೇಳಿದ್ದು ತಲೆಗೆ ಹೋಗಲಿಲ್ಲ. ಆ ಹೆಸರು ಮಾತ್ರ ಬಾಯಿಪಾಠ.

೯-೮, ಮಧ್ಯಾಹ್ನ ೧೨
ಡಾಕ್ಟರ್ ಮೀಟಿಂಗಿಗೆ ರಾಯಚೂರಿಗೆ ಹೋಗಿದ್ದಾನೆ. ಮಾರೆಮ್ಮನ ಗಂಡ ತಾಯಣ್ಣ ಓಡಿ ಬಂದ. ಪಡಸಾಲೆ ತುಂಬ ಜನ. ಅವರೆದುರೇ — "ಸಿಸ್ಟರಪ್ಪಾ, ಬ್ಯಾನಿ ಸುರುವಾಗ್ಯಾವು, ಜಲ್ದಿ ಬರ್ರೀ!" ಯಾರೋ ಕಿಸಕ್ಕೆಂದರು. ತಡೆಯಲಾಗಲಿಲ್ಲ. "ನಾನು ಗಂಡಸಪಾ. ಹೆರಿಗಿ ಹೆಂಗಸರ ಕೆಲಸ. ಸೂಲಗಿತ್ತಿ ದಾವಲ್ ಬೀ ಅದಾಳಲ್ಲ, ಆಕೀನ್ನ ಕರಕೊಂಡು ಹೋಗು." ತಾಯಣ್ಣ ಅತ್ತ ಓಡಿದ. ಇನ್ನಾದರೂ ಈ ಊರಿಗೆ ಬುದ್ಧಿ ಬರುತ್ತದೆ. ಶಕ್ತಿನಗರದ ಅರ್ಜಿ ಬರೆಯುತ್ತ ಕೂತಿದ್ದೇನೆ.

ಅದೇ ದಿನ, ಸಂಜೆ ೫
ಮೂರಕ್ಕೆ ದಾವಲ್ ಬೀ ತಾನೇ ಬಂದಳು. ಏದುಸಿರು. "ಕೈಕಾಲು ಸೆಟಗೊಳ್ಳಾಕತ್ಯಾವ ಬೇಟಾ, ಇದು ನನ್ನ ಕೈಲಿ ಆಗಾಂಗಿಲ್ಲ." ಇಂಜೆಕ್ಷನ್ ಹಿಡಿದು ಓಡಿದೆ. ಚುಚ್ಚುವಷ್ಟರಲ್ಲಿ ತಡವಾಗಿತ್ತು.
ಕೂಸು ಬದುಕಿದೆ. ಹೆಣ್ಣು. ಮಾರೆಮ್ಮ ಇಲ್ಲ.
ಫಿಟ್ಸಿನ ಇಂಜೆಕ್ಷನ್ ಅಲಮಾರಿಯಲ್ಲಿತ್ತು. ಹನ್ನೆರಡಕ್ಕೂ ಇತ್ತು. ಕೀಲಿ ನನ್ನ ಜೇಬಿನಲ್ಲಿ. ಥೂ, ನನ್ನ ಜನ್ಮಕ್ಕಿಷ್ಟು.

೨-೯
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಜನ ಬರುತ್ತಾರೆ, ಚೀಟಿ ಕೊಡುತ್ತಾರೆ, ಹೋಗುತ್ತಾರೆ. ಯಾರೂ ನಗುವುದಿಲ್ಲ.
ಇಂದು ತಾಯಣ್ಣ ಬಂದ, ಕೂಸನ್ನು ಎದೆಗೆ ಕಟ್ಟಿಕೊಂಡು. ಹೊಸ್ತಿಲ ಹೊರಗೇ ನಿಂತ. "ಸಾಹೇಬ್ರ, ಕೂಸಿಗಿ ಹಾಲಿನ ಪುಡಿ ಇದ್ರ ಕೊಡ್ರಿ." ಕೊಟ್ಟೆ. ಕೈ ಮುಗಿದ. ಬೈಯಲಿಲ್ಲ. ಬೈದಿದ್ದರೆ...
ಹಿಂದೆಯೇ ಹೋಗಿ ನಿಲ್ಲಿಸಬೇಕಿತ್ತು. ಸಾಹೇಬ ಅನ್ನಬೇಡ ತಾಯಣ್ಣ, ನಾನು —