ಏಳನೆಯ ಬಟ್ಟಲು

ಅಮ್ಮಾ,

ಇವತ್ತು ಚಹಾ ರುಚಿ ನೋಡುವ ಕೆಲಸಕ್ಕೆ ನನ್ನ ಪರೀಕ್ಷೆಯಿತ್ತು, ನೀನು ಮೂವತ್ತು ವರ್ಷ ಎಲೆ ಆರಿಸಿದ ಕಾರ್ಖಾನೆಯಲ್ಲೇ. ಬಿಳಿ ಮೇಜಿನ ಮೇಲೆ ಏಳು ಬಟ್ಟಲು. ಆವಿಯಲ್ಲಿ ಇಡೀ ಕೋಣೆ ತೇಲುತ್ತಿತ್ತು. ಸೊರ್ರೆಂದು ಹೀರಬೇಕು, ನಾಲಿಗೆಯ ಮೇಲೆ ಹೊರಳಿಸಿ ಉಗುಳಬೇಕು. ನುಂಗುವಂತಿಲ್ಲ.

ತುಳಸಿ ಗಂಟಲಿಗೆ ಹೊದಿಕೆ ಹೊದಿಸಿತು. ಶುಂಠಿ ಜಗಳಗಂಟಿ. ಪುದೀನ, ನಿಂಬೆಹುಲ್ಲು ನಿದ್ದೆಯಲ್ಲಿ ನಗುವ ಕೂಸುಗಳು. ಆಮೇಲೆ ಎರಡು ಕಪ್ಪು ಚಹಾ: ಒಂದು ಜೇನಿನ ಬಣ್ಣದ್ದು, ಇನ್ನೊಂದು ತಾಮ್ರದ್ದು.

ಏಳನೆಯದೂ ಕಪ್ಪೇ. ಬಾಯಿಗೆ ಬಿದ್ದದ್ದೇ ತಡ, ನೀನು ಒಲೆಯ ಮುಂದೆ ಕೂತಿದ್ದೆ. ನಾನು ನುಂಗಿಬಿಟ್ಟೆ.

"ಏನಮ್ಮಾ, ಬಾಯಾರಿತ್ತಾ?" ಪರೀಕ್ಷಕರು ನಕ್ಕರು. "ಅದು ನೆಲ ಗುಡಿಸಿದ ಪುಡಿ. ಗುರುತು ಹಿಡೀತೀಯಾ ಅಂತ ಇಟ್ಟಿದ್ದೆ."

"ಹಿಡಿದೆ ಸಾರ್. ಕುಡಿದೇ ಬೆಳೆದೋಳು ನಾನು. ಎಲೆ ಆರಿಸೋರಿಗೆ ಇವತ್ತಿಗೂ ಇದನ್ನೇ ಕೊಡೋದು, ಅಲ್ವಾ?"

ಅವರ ನಗು ಆರಿತು.

ರುಚಿ ನೋಡುವ ತರಬೇತಿಯಿಂದ ರಜೆಗೆ ಬಂದಾಗ ನೀನು ಕೊಟ್ಟ ಇದೇ ಚಹಾವನ್ನು ನಾನು ಬಚ್ಚಲಿಗೆ ಉಗುಳಿದ್ದೆ. "ಸಕ್ಕರೆ ಕಮ್ಮಿಯಾಯ್ತೇನೋ" ಎಂದೆ ನೀನು. ನಾನು ಬಾಯಿ ಮುಕ್ಕಳಿಸಿದೆ. ಮುಂದಿನ ರಜೆಗೆ ಬರುವಷ್ಟರಲ್ಲಿ ಒಲೆ ತಣ್ಣಗಾಗಿತ್ತು.

ಪರೀಕ್ಷೆಯ ಹಾಳೆಯಲ್ಲಿ ಬರೆದೆ: "ಏಳನೆಯದು ಮನುಷ್ಯರು ಕುಡಿಯುವಂಥದ್ದಲ್ಲ. ಕೆಲಸದವರಿಗೆ ಕೊಡುವುದನ್ನು ನಿಲ್ಲಿಸಿ."

"ಕಡೇ ಸಾಲು ಹೊಡೆದುಹಾಕಮ್ಮಾ, ನಾಳೆಯಿಂದ ಕೆಲಸಕ್ಕೆ ಬಾ" ಎಂದರು.

ಹೊಡೆದುಹಾಕಲಿಲ್ಲ. ನೀನಿದ್ದಿದ್ದರೆ "ಉಣ್ಣೋ ತಟ್ಟೆಗೇ ಒದ್ಯಲ್ಲೇ, ಮೂದೇವಿ" ಎಂದು ಬೈಯುತ್ತಿದ್ದೆ.

ಬೈಯಮ್ಮಾ. ಇವತ್ತು ಎದುರು ಮಾತಾಡುವುದಿಲ್ಲ.