ಮೀನು ಉಜ್ಜುವ ಕಲ್ಲಿನ ವಯಸ್ಸು

ಬೋಳಾರ, ಮಂಗಳೂರು
9-11-1984

ಚಿತ್ತರಂಜನರಿಗೆ,

‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಿಮ್ಮ ಕ್ಷೇಮ ಕೇಳಲೂ ಬರೆಯುತ್ತಿಲ್ಲ. ಇಪ್ಪತ್ತನೇ ತಾರೀಕಿಗೆ ಕೊಚ್ಚಿಯಲ್ಲಿ ನಿಮ್ಮ ಪಿಎಚ್‌ಡಿಯ ಮೌಖಿಕ ಪರೀಕ್ಷೆಯಂತೆ. ನಿಮ್ಮ ತಂಗಿ ಆಶಾಲತಾ ಪ್ರಬಂಧದ ಪ್ರತಿ ತಂದು ತೋರಿಸಿದಳು. ಓದಿದೆ. ಹವಳದ ವಯಸ್ಸಿನ ನಿಮ್ಮ ಲೆಕ್ಕ ಮೂರು ವರ್ಷ ತಪ್ಪಿದೆ.

ಲಕ್ಷದ್ವೀಪಕ್ಕೆ ಸರಕಿನ ಮಂಜಿ ದೋಣಿ ಓಡಿಸುವ ಹಾಶಿಂನ ಮನೆಯಿಂದ ಆ ಹವಳದ ಕಲ್ಲು ತಂದವಳು ನಾನು. ಕಲ್ಲು ಕೊಯ್ಯುವವನ ಕೈಕಾಲು ಹಿಡಿದು ತೆಳ್ಳಗೆ ಸೀಳಿಸಿದವಳು ನಾನು. ಫಳ್ನೀರಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇಯವರು “ಇದು ಯಾರ ಎಲುಬು ಮಾರ್ರೆ?” ಎಂದು ನಗಾಡಿದಾಗ ನಾಚಿಕೆ ಬಿಟ್ಟು ನಿಂತವಳೂ ನಾನೇ. ಮರದ ಉಂಗುರದ ಹಾಗೆ ವರ್ಷಕ್ಕೊಂದರಂತೆ ಗೆರೆ ಮೂಡಿದ ಫಿಲ್ಮನ್ನು ನಮ್ಮ ಬಿಜೈ ಮನೆಗೆ ಓಡಿ ತಂದರೆ, ನೀವು ಪೇಪರಿನಿಂದ ತಲೆ ಎತ್ತದೆ “ಎಂತ ಉಂಟು ಅದರಲ್ಲಿ?” ಎಂದಿರಿ. ಈ ವರ್ಷ ಬೇಸಿಗೆಯಲ್ಲಿ ಕೊಚ್ಚಿಗೆ ಹೊರಟಾಗ ಅದೇ ಫಿಲ್ಮು ನಿಮ್ಮ ಸೂಟ್‌ಕೇಸಿನಲ್ಲಿತ್ತು. ಪ್ರಬಂಧದಲ್ಲಿ ಟೈಪು ಮಾಡಿದ ಮ್ಯಾಕ್ಸಿಮನಿಗೆ ಕೃತಜ್ಞತೆ ಉಂಟು, ನನ್ನ ಹೆಸರು ಎಲ್ಲಿಯೂ ಇಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು ಎನ್ನುತ್ತಾರಲ್ಲ, ನಮ್ಮ ಸಂಸಾರ ಅದೇ.

ಈಗ ಕೇಳಿ. ಕಡಲಿನಿಂದ ಎತ್ತಿದ ದಿನ ಹವಳ ಬೆಳೆಯುವುದನ್ನು ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮೇಲಿನ ಗೆರೆ ಆ ವರ್ಷದ್ದು. ನೀವು ಕಲ್ಲು ನಮ್ಮ ಮನೆಗೆ ಬಂದ 1983ರಿಂದ ಎಣಿಸಿದ್ದೀರಿ. ಹಾಶಿಂ ಅದನ್ನು ಎತ್ತಿದ್ದು 1980ರಲ್ಲಿ. ಅವನ ತಾಯಿ ಬೀಫಾತಿಮ್ಮ ಅದನ್ನು ಬಾವಿಯ ಹತ್ತಿರ ಮಗುಚಿ ಹಾಕಿ, ಬುಡದ ಬದಿಯಲ್ಲಿ ಮೂರು ವರ್ಷ ಮೀನು ಉಜ್ಜಿದ್ದಾರೆ; ಮೇಲಿನ ಗೆರೆಗಳು ಸವೆಯದೆ ಉಳಿದದ್ದು ಹಾಗೆ. ಆ ಸವೆತ ನೋಡಿದರೆ ಈ ಊರಿನ ಯಾವ ಹೆಂಗಸೂ ಕಲ್ಲು ಹೊಸದಲ್ಲ ಎನ್ನುತ್ತಾಳೆ. ನಿಮಗೆ ಉಜ್ಜಿದ ಮೀನು ತಿಂದು ಮಾತ್ರ ಗೊತ್ತು.

ಮೇಲಿನಿಂದ ಒಂಬತ್ತನೇ ಗೆರೆ ನೂಲಿನಷ್ಟು ಸಣ್ಣ. ಅದು 1972, ಮಳೆ ಕೈಕೊಟ್ಟು ಕಡಲು ಬಿಸಿಯಾದ ವರ್ಷ. ಹದಿನಾರನೆಯದು 1965, ಆಗಲೂ ಹಾಗೆಯೇ. ಕೆಲವು ವರ್ಷಗಳಿಗೊಮ್ಮೆ ಕಡಲು ಕಾಯುತ್ತದೆ, ಹವಳ ಸೊರಗುತ್ತದೆ ಎಂದು ನಾನು ಬಾಯಿ ಒಣಗುವಷ್ಟು ಹೇಳಿದ್ದೆ. ನೀವು ಆ ಒಂಬತ್ತನೆಯದನ್ನು ಒಳ್ಳೆಯ ಮಳೆಯ 1975ಕ್ಕೆ ಕೂರಿಸಿ, ಹವಾಮಾನದ ಏರಿಳಿತಕ್ಕೂ ಹವಳಕ್ಕೂ ಸಂಬಂಧವೇ ಇಲ್ಲ ಎಂದು ಬರೆದಿದ್ದೀರಿ. ಓದುವಾಗ ಮೈ ಉರಿಯಿತು.

ಪರೀಕ್ಷಕರ ಮುಂದೆ ತಪ್ಪನ್ನು ನೀವೇ ಒಪ್ಪಿಕೊಳ್ಳಿ, ಕೆಲಸ ಯಾರದೆಂದೂ ಹೇಳಿ. ಇಲ್ಲವಾದರೆ ಇದನ್ನೆಲ್ಲ ನಾನೇ ಅವರಿಗೆ ಬರೆಯುತ್ತೇನೆ.

ಕಾಗದಪತ್ರದಲ್ಲಿ ಮಾತ್ರ ಇನ್ನೂ ನಿಮ್ಮ ಹೆಂಡತಿ,
ಶಶಿಪ್ರಭಾ

ತಾ.ಕ.: ಕೊಚ್ಚಿಗೆ ಹೊರಡುವ ದಿನ ಬಾಗಿಲಲ್ಲಿ ನಿಂತು, ಕಲ್ಲು ಎತ್ತಿದ್ದು ಯಾವಾಗ ಎಂದು ನೀವು ಕೇಳಿದ್ದಿರಿ. ಕಳೆದ ವರ್ಷ ಎಂದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಪರೀಕ್ಷಕರಿಗೆ ಬರೆದರೆ ಅದನ್ನೂ ಬರೆಯಬೇಕಾಗುತ್ತದೆ.