ಕಪ್ಪು ರಾಣಿಯ ಓದುಗರು

ಅಕ್ಕಾ,

ನಮ್ಮ ಪುಸ್ತಕದ ಓದುಗರೆಲ್ಲ ಮೊನ್ನೆ ಚಿತ್ರದುರ್ಗದಲ್ಲಿ ಸೇರಿದ್ದರು! ಮೊದಲಿನಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ಖುಷಿಯಲ್ಲಿ ಎಲ್ಲ ಗೋಜಲಾಗುತ್ತದೆ.

ಧರ್ಮಪುರದ ಮನೆಯಲ್ಲಿ ನೀನು ರವಿಕೆ ಹೊಲಿಯುತ್ತಾ ನನ್ನ ಮಾಯಾಲೋಕದ ಕಾದಂಬರಿ ಕೇಳಿಸಿಕೊಂಡ ದಿನ ನೆನಪಿದೆಯಾ? ರಾಣಿ ಹಾಲಿನ ಬಣ್ಣ, ರಾಜಕುಮಾರನೂ ಹಾಲಿನ ಬಣ್ಣ, ಕಾಡಿನ ರಾಕ್ಷಸರು ಮಾತ್ರ ಕಪ್ಪು. ನೀನು ಮಷಿನ್ ನಿಲ್ಲಿಸಿ, "ಲೇ, ನಿನ್ ರಾಜ್ಯದಾಗೆ ನನ್ನಂಗೆ ಕಪ್ಪಗಿರೋರೆಲ್ಲ ರಾಕ್ಷಸರೇ ಏನೇ?" ಎಂದೆ. ನೀನು ನಗುತ್ತಿದ್ದೆ. ನಾನು ಹಾಳೆಗಳನ್ನು ಮಡಚಿಟ್ಟೆ. ನಿನ್ನನ್ನು ನೋಡಲು ಬಂದ ಗಂಡಿನ ಕಡೆಯವರು ನಿನ್ನ ಬಣ್ಣ ನೋಡಿ, ತಂಗಿಯನ್ನು ಕೊಡಿ ಎಂದು ಕೇಳಿದ್ದು... ಬಿಡು.

ಆಮೇಲೆ ಕಾದಂಬರಿಯನ್ನೆಲ್ಲ ತಿದ್ದಿದೆ. ರಾಣಿ ಕಪ್ಪಾದಳು, ದಟ್ಟ ಗುಂಗುರು ಕೂದಲಿನವಳಾದಳು. ಪುಸ್ತಕ ಅಚ್ಚಾಗುವಷ್ಟರಲ್ಲಿ ನೀನೇ ಇರಲಿಲ್ಲ.

ಮೊಬೈಲಿನಲ್ಲಿ ಓದುಗರದೊಂದು ಗುಂಪಾಯಿತು. ಹೊಸದುರ್ಗದ ಒಬ್ಬರು ರಾಣಿಯ ಚಿತ್ರ ಬರೆದು ಹಾಕಿದರು, ಬೆಳ್ಳಗೆ. ಪ್ರೀತಿಯಿಂದ ಬರೆದಿದ್ದಾರಲ್ಲ ಎಂದು ಸುಮ್ಮನಿದ್ದೆ. ಆಗ ರೇಣುಕಾ ಎಂಬವಳು ತಾನು ಬರೆದ ಚಿತ್ರ ಹಾಕಿದಳು, ಕಪ್ಪು ರಾಣಿಯದು. ಅವಳು ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ, ಹಿಂದೆಂದೋ ಆಫ್ರಿಕಾದಿಂದ ಬಂದವರ ಪೀಳಿಗೆ. ಹಿರಿಯೂರಿನಲ್ಲಿ ನರ್ಸ್. ಇಂಥ ಕೂದಲ ಮೇಲೆ ಕಿರೀಟ ಕೂರುತ್ತದಾ ಎಂದು ಯಾರೋ ಬರೆದರು. ನಗುವ ಮುಖಗಳ ಸಾಲೇ ಬಂತು. ರೇಣುಕಾ ಗುಂಪು ಬಿಟ್ಟಳು.

ಮತ್ತೂ ಸುಮ್ಮನಿರಬೇಕಿತ್ತಾ? ರಾಣಿ ಕಪ್ಪು, ನಮ್ಮಕ್ಕನನ್ನು ನೋಡಿ ಬರೆದದ್ದು, ನಕ್ಕವರು ಅವಳಿಗೆ ಕ್ಷಮೆ ಕೇಳಿ ಎಂದು ಬರೆದೆ. ಕೆಲವರು ಕ್ಷಮೆ ಕೇಳಿದರು, ಕೆಲವರು ಗುಂಪು ಬಿಟ್ಟು ಹೊರಟೇಹೋದರು. ಮರುದಿನ ಹಿರಿಯೂರಿನ ಬಸ್ಸು ಹತ್ತಿದೆ. ತಡವಾಗಿ ಬಾಯಿಬಿಟ್ಟೆ ಎಂದು ಒಪ್ಪಿಕೊಂಡೆ. ರೇಣುಕಾ ನನಗೊಂದು ಕುರ್ಚಿ ಎಳೆದು ಕೊಟ್ಟಳು. ಆಮೇಲೆ, "ನಮ್ ಕೂದಲು ಚಂದ ಅಂತ ಪುಸ್ತಕದಲ್ಲಿ ಓದಿದ್ದು ಅದೇ ಮೊದಲು ಮೇಡಂ. ಅದಕ್ಕೇ ಅಷ್ಟು ನೋವಾಯ್ತು" ಎಂದಳು.

ಮೊನ್ನೆ ಚಿತ್ರದುರ್ಗದ ಸಭೆಗೆ ಅವಳು ರಾಣಿಯ ವೇಷದಲ್ಲೇ ಬಂದಳು, ಅಕ್ಕಾ! ಹೊಳಲ್ಕೆರೆಯ ಹುಡುಗಿಯರು ಫೋಟೋಗೆ ಮುಗಿಬಿದ್ದರು. ಬಿಳಿ ರಾಣಿಯ ಚಿತ್ರ ಬರೆದಿದ್ದ ಹೊಸದುರ್ಗದವರು ಎದ್ದು ನಿಂತು, ಕಲ್ಪನೆಯ ಲೋಕಕ್ಕೆ ಬಣ್ಣದ ಹಂಗೇಕೆ ಎಂದು ವಾದಿಸಿದರು. ರೇಣುಕಾ ಮೆಲ್ಲಗೆ ಕೇಳಿದಳು: "ಬಣ್ಣ ಬೇಡ ಅಂದ್ರೆ ನೀವು ಬಿಳಿ ಯಾಕೆ ಬಳಿದ್ರಿ?" ಸಭೆಯೆಲ್ಲ ನಕ್ಕಿತು. ಅವರೂ ತಲೆ ಕೆರೆದುಕೊಂಡು ನಕ್ಕರು. ನೀನಿದ್ದಿದ್ದರೆ...

ಈಗ ಎರಡನೆಯ ಭಾಗವನ್ನು ನಾನೂ ಅವಳೂ ಸೇರಿ ಬರೆಯುತ್ತಿದ್ದೇವೆ. ಅವಳ ಅಜ್ಜಿಗೆ ಕಡಲಾಚೆಯ ಕಥೆಗಳು ಗೊತ್ತಂತೆ, ಯಾರೂ ಇಲ್ಲಿಯವರೆಗೆ ಬರೆದುಕೊಂಡಿಲ್ಲವಂತೆ. ನಾಳೆ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೊರಟಿದ್ದೇವೆ.

ನಿನ್ನ ತಂಗಿ